ಹೋಗಿ ನೋಡ್ರಿ ಮೇಡಂ

ಈ ಆಷಾಢದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು. ನಮ್ಮ ಡಿಪೋದ ಹಳೆಯ ಕಂಡಕ್ಟರ್ ಕೊಟ್ರಬಸಪ್ಪ. ನನ್ನಂತೆಯೇ ನಿವೃತ್ತನಾಗಿ, ಹಗರಿಬೊಮ್ಮನಹಳ್ಳಿಯಲ್ಲಿ ಮಗನ ಅಂಗಡಿಯ ಮುಂದೆ ಕೂತು, ಬಂದು ಹೋಗುವವರಿಗೆಲ್ಲ ‘ರೈಟ್, ರೈಟ್’ ಎನ್ನುತ್ತ ಕಾಲ ಕಳೆಯುವ ಆಸಾಮಿ. “ಸರ, ‘ಹೋಗಿ ನೋಡ್ರಿ’ ಮೇಡಂ ತೀರ್ಕೊಂಡಾರಂತ್ರಿ,” ಅಂದ. ನನ್ನ ಬಾಯಿತುಂಬ ನೊರೆ, ಏನೂ ಹೇಳಲಾಗಲಿಲ್ಲ. ಉಗುಳಿ ಬಂದು ಎಲ್ಲಿ, ಹೇಗೆ ಎಂದು ಕೇಳಿದೆ. ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದರಂತೆ, ವಯಸ್ಸಾಗಿತ್ತಂತೆ, ಹೆಚ್ಚು ನರಳಲಿಲ್ಲವಂತೆ. ಸತ್ತವರ ಬಗ್ಗೆ ಬರುವ ಅಂತೆಗಳಲ್ಲಿ ಎಷ್ಟು ನಿಜವೋ ಎಷ್ಟು ಸಮಾಧಾನವೋ ನನಗೆ ಗೊತ್ತಿಲ್ಲ.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಬೈಯುತ್ತಿದ್ದರು. ಪ್ರೋಗ್ರಾಂ ಬರೆದವರ ಹೆಸರು ಯಾರಿಗೆ ಬೇಕು, ರಸ್ತೆ ಹಾಕಿದವರ ಹೆಸರು ರಸ್ತೆಯ ಮೇಲೆ ಇರುತ್ತದೆಯೇ ಎಂದು ಒಮ್ಮೆ ಕೇಳಿದ್ದರು. ಇರುತ್ತದೆ ಮೇಡಂ, ಶಾಸಕರದು ಕಲ್ಲಿನಲ್ಲೇ ಕೆತ್ತಿರುತ್ತದೆ ಎಂದೆ. ನಾನು ಕೇಳಿದ್ದು ಹಾಕಿದವರದು, ಹಾಕಿಸಿದವರದಲ್ಲ ಎಂದರು. ಮಾತಿನಲ್ಲಿ ಅವರನ್ನು ಹಿಡಿಯುವುದು ನನ್ನಿಂದ ಯಾವತ್ತೂ ಆಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಕೂಡ್ಲಿಗಿಯ ಬಸ್ ಕಚೇರಿಯಲ್ಲಿ ಸಂಚಾರ ವಿಭಾಗದ ಗುಮಾಸ್ತನಾಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ನಡುವೆ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ರಾತ್ರಿ ಯಾವ ಹಳ್ಳಿಯಲ್ಲಿ ಉಳಿಯಬೇಕು ಎಂಬುದೆಲ್ಲ ನನ್ನ ಪೆನ್ಸಿಲ್ಲಿನ ತುದಿಯಲ್ಲಿತ್ತು. ವೇಳಾಪಟ್ಟಿ ಮಾಡುವುದೆಂದರೆ ದೊಡ್ಡ ಹಾಳೆ, ಅಡಿಕೋಲು, ರಬ್ಬರು. ಒಂದು ಬಸ್ಸನ್ನು ಕಾಲು ಗಂಟೆ ಮುಂದೆ ಸರಿಸಿದರೆ ಸಂಜೆಯ ಹೊತ್ತಿಗೆ ಹರಪನಹಳ್ಳಿಯಲ್ಲಿ ಇನ್ನೊಂದು ಬಸ್ಸಿಗೆ ಡ್ರೈವರೇ ಇರುತ್ತಿರಲಿಲ್ಲ. ಆ ಗೋಜಲನ್ನು ಬಿಡಿಸುವುದರಲ್ಲಿ ನನಗೊಂದು ಜಂಬವೂ ಇತ್ತು. ಹಾಗಿರುವಾಗ, ಇನ್ನು ಮುಂದೆ ವೇಳಾಪಟ್ಟಿಯನ್ನು ಕಂಪ್ಯೂಟರ್ ಮಾಡುತ್ತದೆ, ಮೊದಲ ಪ್ರಯೋಗ ಈ ಐದು ಊರುಗಳಲ್ಲೇ ಎಂದು ಮೇಲಿನಿಂದ ಆದೇಶ ಬಂತು. ಆದೇಶದ ಹಿಂದೆಯೇ ಈ ಮೇಡಂ ಬಂದರು. ನನ್ನ ಮುಖ ಹೇಗಿದ್ದಿರಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಕಂಪ್ಯೂಟರ್ ಎಲ್ಲಿದೆ ಎಂದು ನಮ್ಮವರೆಲ್ಲ ಅವರ ಹಿಂದೆ ಮುಂದೆ ನೋಡಿದರು. ಅದು ಬೆಂಗಳೂರಿನಲ್ಲಿ, ಯಾರದೋ ಕಟ್ಟಡದಲ್ಲಿ, ತಣ್ಣನೆಯ ಕೋಣೆಯಲ್ಲಿತ್ತು. ನಮ್ಮ ಸಂಸ್ಥೆ ಅದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಿತ್ತು. ಮೇಡಂ ಇಲ್ಲಿ ಕೂತು ಪ್ರೋಗ್ರಾಮನ್ನು ಕೈಯಲ್ಲಿ ಬರೆಯುತ್ತಿದ್ದರು, ಒಂದು ಮನೆಗೆ ಒಂದೇ ಅಕ್ಷರದಂತೆ, ಚೌಕಳಿ ಹಾಳೆಯ ಮೇಲೆ. ಅದು ಅಲ್ಲಿಗೆ ಹೋಗಿ, ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ, ಯಂತ್ರದ ಹೊಟ್ಟೆಗೆ ಬೀಳುತ್ತಿತ್ತು. ರಾಜ್ಯದಲ್ಲಿ ಆಗ ಈ ಕೆಲಸ ಬಲ್ಲವರೇ ಅಪರೂಪ. ಹೆಂಗಸರಂತೂ ಇನ್ನೂ ಅಪರೂಪ. ಹಾಗಾಗಿ ಕಂಪ್ಯೂಟರ್ ನೋಡಲು ಬಂದವರೆಲ್ಲ ಅವರನ್ನೇ ನೋಡಿ ಹೋಗುತ್ತಿದ್ದರು.

ಅವರು ಕೊಟ್ಟೂರಿನವರೇ. ಶೇಂಗಾ ವ್ಯಾಪಾರದ ಲಿಂಗಾಯತ ಮನೆತನ, ಪೇಟೆಯಲ್ಲಿ ಅಂಗಡಿ. ಧಾರವಾಡದಲ್ಲಿ ಗಣಿತ ಓದಿ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಒಂದು ಸರ್ಕಾರಿ ಸಂಶೋಧನಾ ಕಚೇರಿಯಲ್ಲಿ ಕಂಪ್ಯೂಟರ್ ಬಂದ ಹೊಸದರಲ್ಲೇ ಅದರ ವಿದ್ಯೆ ಕಲಿತವರು. ಕಲಿಸಲು ಯಾರೂ ಇರಲಿಲ್ಲ, ಯಂತ್ರದ ಜೊತೆ ಬಂದ ದಪ್ಪ ಪುಸ್ತಕವನ್ನೇ ಓದಿದೆವು ಎನ್ನುತ್ತಿದ್ದರು. ಮಗಳು ಲೆಕ್ಕ ಮಾಡುವ ಯಂತ್ರದ ಕೆಲಸಕ್ಕೆ ಸೇರಿದ್ದಾಳೆಂದು ಕೇಳಿ ಅವರ ತಂದೆ, ಲೆಕ್ಕ ಮಾಡೋದಕ್ಕ ಅಷ್ಟು ದೂರ ಯಾಕ ಹೋಗಬೇಕು, ಅಂಗಡಿ ಇಲ್ಲೇ ಐತಲ್ಲ ಎಂದಿದ್ದರಂತೆ. ಮದುವೆಯಾಗಿರಲಿಲ್ಲ. ಅದರ ಬಗ್ಗೆ ನಮ್ಮ ಕಚೇರಿಯಲ್ಲಿ ನಡೆದಷ್ಟು ಚರ್ಚೆ ವೇಳಾಪಟ್ಟಿಯ ಬಗ್ಗೆಯೂ ನಡೆಯಲಿಲ್ಲ.

ಜಡೆಯಲ್ಲ, ಗಂಟು ಹಾಕಿದ ಕೂದಲು, ಅದರಲ್ಲಿ ಸದಾ ಒಂದು ಪೆನ್ಸಿಲು. ಕೈಯಲ್ಲಿ ಬಳೆಗಳ ಪಕ್ಕ ರಬ್ಬರ್ ಬ್ಯಾಂಡುಗಳು, ಕಾರ್ಡಿನ ಕಟ್ಟುಗಳಿಗೆ ಬೇಕೆಂದು. ಮಾತಾಡುವಾಗ ಒಂದನ್ನು ಎಳೆದು ಬಿಡುತ್ತಿದ್ದರು, ಚಟ್ ಎನ್ನುತ್ತಿತ್ತು. ‘ಸುಮಾರು’ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ಸುಮಾರು ಏಳೂವರೆಗೆ ಬರುತ್ತದೆ ಮೇಡಂ ಎಂದರೆ, ಸುಮಾರನ್ನು ಯಾವ ಮನೆಯಲ್ಲಿ ಬರೆಯಲಿ ಎಂದು ಚೌಕಳಿ ಹಾಳೆ ಮುಂದಿಡುತ್ತಿದ್ದರು. ನಮ್ಮ ಬಸ್ಸುಗಳಿಗೆ ಸುಮಾರಿನ ಹೊರತು ಬೇರೆ ಹೊತ್ತೇ ಗೊತ್ತಿರಲಿಲ್ಲ, ಪಾಪ.

ಡ್ರೈವರು ಕಂಡಕ್ಟರುಗಳ ಸಭೆಯಲ್ಲಿ ಪ್ರೋಗ್ರಾಂ ಎಂದರೇನು ಎಂದು ಒಬ್ಬ ಕೇಳಿದ. ನಾವು ಏನೇನೋ ಇಂಗ್ಲಿಷ್ ಬರುತ್ತದೆಂದು ಕಾದೆವು. ಅವರು ರಬ್ಬರ್ ಬ್ಯಾಂಡ್ ಎಳೆದು ಬಿಟ್ಟು ಹೇಳಿದರು: “ಯಂತ್ರ ಅಂದ್ರ ಕನ್ನಡಿ ಇಲ್ಲದ ಡ್ರೈವರ್ ಇದ್ದಂಗ್ರಿ. ಹಿಂದ ಏನೈತಿ, ಬಾಜೂಕ ಏನೈತಿ, ಅವಂಗ ಕಾಣಂಗಿಲ್ಲ. ನಾನು ಸೀಟಿ ಊದೋ ಕಂಡಕ್ಟರ್. ನಾನು ರೈಟ್ ಅಂದ್ರ ಹೋಗ್ತಾನ, ಹೋಲ್ಡಾನ್ ಅಂದ್ರ ನಿಲ್ತಾನ. ಮುಂದ ಹಳ್ಳ ಇದ್ರೂ ನಾನು ರೈಟ್ ಅಂದ್ರ ಹೋಗ್ತಾನ.” ಎಲ್ಲರೂ ನಕ್ಕರು, ಎಲ್ಲರಿಗೂ ಅರ್ಥವಾಯಿತು. ಹಾಗಾದರೆ ಯಂತ್ರ ತಪ್ಪು ಮಾಡುವುದೇ ಇಲ್ಲವೇ ಎಂದು ನಮ್ಮ ಸಾಹೇಬರು ಕೇಳಿದರು. ಯಂತ್ರ ತಪ್ಪು ಮಾಡುವುದಿಲ್ಲ ಸರ್ ಎಂದು ಮೇಡಂ ಗಟ್ಟಿಯಾಗಿಯೇ ಹೇಳಿದರು. ಸಾಹೇಬರು ಆ ಮಾತನ್ನು ಎದೆಯಲ್ಲಿ ಬರೆದುಕೊಂಡರು.

ಇನ್ನೊಂದು ಸಂಗತಿ ನೆನಪಾಗುತ್ತದೆ. ಐದು ಊರುಗಳ ಬಸ್ಸುಗಳ ಒಂದೊಂದು ಟ್ರಿಪ್ಪಿಗೆ ಒಂದೊಂದು ಕಾರ್ಡು ಮಾಡಿ, ಸರಿ ಇದೆಯೇ ನೋಡಿ ಎಂದು ಕಟ್ಟು ಕಟ್ಟಿ ತಂದಿದ್ದರು. ಕೊಟ್ಟೂರಿನ ನಿಲ್ದಾಣದಲ್ಲಿ ನಾವಿಬ್ಬರೂ ಬಸ್ಸು ಇಳಿಯುವಾಗ ಕಟ್ಟು ಬಿಚ್ಚಿಹೋಗಿ ಕಾರ್ಡುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅಂದು ಅಮಾವಾಸ್ಯೆ, ಕೊಟ್ಟೂರಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮಂದಿ. ದೇವರಿಗೆ ಬಂದವರೆಲ್ಲ ಪುಣ್ಯದ ಕೆಲಸವೆಂಬಂತೆ ಬಗ್ಗಿ ಬಗ್ಗಿ ಕಾರ್ಡು ಆರಿಸಿ ಕೊಟ್ಟರು. ಒಬ್ಬ ಅಜ್ಜ ಕಾರ್ಡಿನ ತೂತುಗಳನ್ನು ಬಿಸಿಲಿಗೆ ಹಿಡಿದು ನೋಡಿ, ಇಲಿ ಕಡಿದಾವಲ್ಲವ್ವ ಎಂದು ಮರುಗಿದ. ನಾನು ಒಳಗೊಳಗೇ, ಈಗ ಈ ಗೋಜಲನ್ನು ಹೇಗೆ ಬಿಡಿಸುತ್ತಾರೆ ನೋಡೋಣ ಎಂದುಕೊಂಡೆ. ಅವರು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು, ಚಹಾ ಆರುವಷ್ಟರಲ್ಲಿ ಎಲ್ಲವನ್ನೂ ಜೋಡಿಸಿಬಿಟ್ಟರು. ಕಟ್ಟಿನ ಬೆನ್ನಿನ ಮೇಲೆ ಮೊದಲೇ ಪೆನ್ಸಿಲಿನಿಂದ ಓರೆಯಾಗಿ ಒಂದು ಗೆರೆ ಎಳೆದಿಟ್ಟಿದ್ದರು. ಗೆರೆ ಕೂಡಿದರೆ ಕಾರ್ಡುಗಳು ಕೂಡಿದಂತೆ. ಆ ವಾರದಿಂದಲೇ ನಮ್ಮ ಕಂಡಕ್ಟರುಗಳೂ ತಮ್ಮ ಕಾಗದದ ಕಟ್ಟುಗಳಿಗೆ ಓರೆ ಗೆರೆ ಎಳೆಯಲು ಶುರು ಮಾಡಿದರು, ಬೇಕಿರಲಿ ಬೇಡದಿರಲಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಯಾವ ಬಸ್ಸಿನಲ್ಲಿ ಎಷ್ಟು ಮಂದಿ ಹೋಗುತ್ತಾರೆಂದು ತಿಳಿಯದೆ ವೇಳಾಪಟ್ಟಿ ಮಾಡುವಂತಿಲ್ಲ. ಎಲ್ಲ ದಿನ ಎಣಿಸಿದರೆ ಕಾರ್ಡುಗಳ ರಾಶಿಯಾಗುತ್ತದೆ, ಯಂತ್ರದ ಬಾಡಿಗೆ ಮೇಲೇರುತ್ತದೆ. ಹಾಗಾಗಿ ವಾರದಲ್ಲಿ ಎರಡು ದಿನ ಮಾತ್ರ ಎಣಿಸಬೇಕೆಂದಾಯಿತು. ಬೆಂಗಳೂರಿನವರಾಗಿದ್ದರೆ ಕಣ್ಣು ಮುಚ್ಚಿ ಸೋಮವಾರ, ಗುರುವಾರ ಎಂದು ಬರೆಯುತ್ತಿದ್ದರು. ಮೇಡಂ ಹಾಗೆ ಮಾಡಲಿಲ್ಲ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ, ರೈತರೆಲ್ಲ ಊರೂರು ತಿರುಗುತ್ತಾರೆ, ಅದು ಬೇಡ. ಸಂತೆಯ ದಿನಗಳು ಬೇಡ. ಅಮಾವಾಸ್ಯೆಗೆ ಕೊಟ್ಟೂರಿನ ಬಸ್ಸುಗಳ ಮೇಲ್ಛಾವಣಿಯ ಮೇಲೂ ಮಂದಿ, ಅದೂ ಬೇಡ. ಹೀಗೆ ಕಳೆಯುತ್ತ ಹೋಗಿ ಉಳಿದದ್ದು ಮಂಗಳವಾರ, ಶುಕ್ರವಾರ. ಗದ್ದಲವಿಲ್ಲದ ದಿನಗಳು ಎಂದು ಹೇಳಿ ಪೆನ್ಸಿಲನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಂಡರು. ಈ ನೆಲದ ಮಗಳಾದ್ದರಿಂದ ಇದೆಲ್ಲ ತನಗೆ ಗೊತ್ತೆಂಬ ಹೆಮ್ಮೆ ಅವರ ಮುಖದಲ್ಲಿತ್ತು. ನನಗೂ ಮೊದಲ ಬಾರಿಗೆ ಅವರ ಮೇಲಿನ ಸಿಟ್ಟು ಕಡಿಮೆಯಾಯಿತು.

ಆಷಾಢ ಶುರುವಾದಾಗ ಎಣಿಸಿದೆವು. ಕೆಲವೇ ದಿನಗಳಲ್ಲಿ ಬೆಂಗಳೂರಿನಿಂದ ಅಗಲವಾದ ಕಾಗದ ಬಂತು, ಎರಡೂ ಅಂಚಿಗೆ ತೂತಿದ್ದ, ಮಡಿಚಿದಷ್ಟೂ ಮುಗಿಯದ ಕಾಗದ. ನಿಜ ಹೇಳಬೇಕೆಂದರೆ ವೇಳಾಪಟ್ಟಿ ಅದ್ಭುತವಾಗಿತ್ತು. ಹಡಗಲಿಯ ಬಸ್ಸು ಹಗರಿಬೊಮ್ಮನಹಳ್ಳಿಗೆ ಬರುವುದಕ್ಕೂ ಅಲ್ಲಿಂದ ಕೂಡ್ಲಿಗಿಯ ಬಸ್ಸು ಹೊರಡುವುದಕ್ಕೂ ಕೂಡಿಬಂದಿತ್ತು. ನಾನು ವರ್ಷಗಟ್ಟಲೆ ರಬ್ಬರಿನಲ್ಲಿ ಅಳಿಸಿ ಅಳಿಸಿ ಮಾಡಲಾರದ್ದನ್ನು ಅದು ಮಾಡಿತ್ತು. ಹಾಳೆಯ ಕೊನೆಯಲ್ಲಿ, ಜನರಿಲ್ಲದ ಕಾರಣ ನಿಲ್ಲಿಸಬೇಕಾದ ಟ್ರಿಪ್ಪುಗಳು ಎಂದು ಒಂದಷ್ಟು ಇದ್ದವು. ಅದರಲ್ಲಿ ಹೂವಿನೂರಿನ ವಸತಿ ಬಸ್ಸೂ ಇತ್ತು.

ಹೂವಿನೂರು ಎಂಬುದು ಆ ಊರಿನ ನಿಜವಾದ ಹೆಸರಲ್ಲ, ನಾವು ಡಿಪೋದವರು ಇಟ್ಟುಕೊಂಡದ್ದು. ತಂಬ್ರಹಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು, ಮನೆಗೊಂದು ಮಲ್ಲಿಗೆಯ ತೋಟ. ನಮ್ಮ ಒಂದು ಬಸ್ಸು ಸಂಜೆ ಹೋಗಿ ಅಲ್ಲೇ ಉಳಿದು ಬೆಳಗಾಗುವ ಮೊದಲೇ ಹೊರಡುತ್ತಿತ್ತು. ಹೆಂಗಸರು ಮೊಗ್ಗು ಬಿಡಿಸಿ, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಗಳೊಂದಿಗೆ ಅದನ್ನು ಹತ್ತಿದರೆ ಪೂಜೆಯ ಹೊತ್ತಿಗೆ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಲ್ಲಿ ಹೂವು. ಆ ಬಸ್ಸು ತಪ್ಪಿದರೆ ಮುಂದಿನದು ಮಧ್ಯಾಹ್ನಕ್ಕೆ. ಅಷ್ಟು ಹೊತ್ತಿಗೆ ಮೊಗ್ಗು ಬುಟ್ಟಿಯಲ್ಲೇ ಅರಳಿ ಬಾಡಿರುತ್ತದೆ, ಕೊಳ್ಳುವವರಿಲ್ಲ. ಬಸ್ಸು ನಿಂತರೆ ಆ ಊರಿನ ಮಲ್ಲಿಗೆ ನಿಂತಂತೆ.

ಮುಂದಿನ ತಿಂಗಳಿಂದ ಬಸ್ಸು ಇಲ್ಲ ಎಂದು ಸುದ್ದಿ ಹೋದ ಕೂಡಲೇ ಗಂಗಮ್ಮ ಎಂಬಾಕೆ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಕೂಡ್ಲಿಗಿಗೆ ಬಂದಳು. ಊರಿನ ಹೂವಿನ ವ್ಯಾಪಾರಕ್ಕೆಲ್ಲ ಅವಳೇ ಯಜಮಾನಿ. ಆ ವರ್ಷವಷ್ಟೇ ಜೋಳ ಬಿತ್ತುತ್ತಿದ್ದ ಹೊಲದಲ್ಲೂ ಮಲ್ಲಿಗೆ ಹಚ್ಚಿದ್ದಳು. ಸಾಹೇಬರು ಅವಳ ಮುಂದೆ ಅಗಲದ ಕಾಗದ ಹರಡಿ, ಇದು ನಾನು ಹೇಳಿದ್ದಲ್ಲಮ್ಮ, ಕಂಪ್ಯೂಟರ್ ಹೇಳಿದ್ದು ಎಂದರು. ಹಂಗಾದ್ರ ಅದನ್ನ ಕರೀರಿ, ಮಾತಾಡ್ತೀನಿ ಎಂದಳು. ಅದು ಬೆಂಗಳೂರಲ್ಲಿದೆ ಎಂದು ನಾನು ಬಿಡಿಸಿ ಹೇಳಿದೆ. ಬೆಂಗಳೂರಾಗ ಕುಂತು ನಮ್ಮೂರಾಗ ಮಂದಿ ಇಲ್ಲ ಅಂತೈತೇನು ಎಂದಳು. ಸಾಹೇಬರಿಗೆ ಸಾಕಾಗಿ, ಪಕ್ಕದ ಕೋಣೆಯಲ್ಲಿದ್ದ ಮೇಡಂ ಕಡೆ ಕೈ ತೋರಿಸಿಬಿಟ್ಟರು.

ಗಂಗಮ್ಮ ಹೋಗಿ ಅವರ ಮೇಜಿನ ಮುಂದೆ ನಿಂತಳು. “ನೀನೇನವ್ವ ನಮ್ಮ ಬಸ್ಸು ನಿಲ್ಸಿದಾಕಿ?”

ಯಂತ್ರ ಎನ್ನುತ್ತಾರೆ, ಆದೇಶ ಎನ್ನುತ್ತಾರೆ ಎಂದು ನಾನು ಕಾದೆ. ಮೇಡಂ ಎದ್ದು ನಿಂತು, “ಹೌದ್ರಿ, ನಾನ,” ಎಂದರು.

“ನಮ್ಮೂರು ನೋಡಿಯೇನು?”

“ಇಲ್ರಿ.”

“ನೋಡ್ದ ಹೆಂಗ ನಿಲ್ಸಿದಿ? ಮೊದ್ಲ ಹೋಗಿ ನೋಡು.”

ಸರ್ಕಾರಿ ಕಚೇರಿಯಲ್ಲಿ ಬದುಕು ಕಳೆದವನು ನಾನು. ‘ಹೌದು, ನಾನೇ’ ಎಂಬ ಉತ್ತರವನ್ನು ಅಲ್ಲಿ ಕೇಳಿದ್ದು ಅದೊಂದೇ ಸಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ಮೇಡಂ ಕಾಗದದಲ್ಲಿ ಆ ಸಾಲು ಹುಡುಕಿದರು. ಮಂಗಳವಾರ ಸೊನ್ನೆ, ಶುಕ್ರವಾರ ಸೊನ್ನೆ. ಗಂಗಮ್ಮನನ್ನು ಕೂಡಿಸಿ, ನೀವು ಮಂಗಳವಾರ ಹೂವು ತರುವುದಿಲ್ಲವೇ ಎಂದು ಕೇಳಿದರು. ದಿನಾ ತರ್ತೀವಿ, ದಿನಾ ಅಂದ್ರ ದಿನಾ ಎಂದಳು ಅವಳು. ಅವಳು ಹೋದ ಮೇಲೂ ಮೇಡಂ ಆ ಸಾಲನ್ನೇ ನೋಡುತ್ತ ಕೂತಿದ್ದರು. ಇಬ್ಬರೋ ಮೂವರೋ ಇದ್ದಿದ್ದರೆ ನಂಬುತ್ತಿದ್ದೆ, ಒಂದೂರಿಂದ ಒಂದು ನರಪಿಳ್ಳೆಯೂ ಹತ್ತಲಿಲ್ಲ ಎಂದರೆ ಅದು ಕಡಿಮೆ ಮಂದಿಯ ಮಾತಲ್ಲ, ಬೇರೆ ಏನೋ ಇದೆ ಎಂದರು. ಸೊನ್ನೆಯನ್ನು ನಾನು ಅಷ್ಟು ಹೊತ್ತು ನೋಡಿದವನಲ್ಲ.

ಮುಂದಿನ ಮಂಗಳವಾರವೇ ಹೋಗಿ ನೋಡೋಣ ಎಂದು ನನ್ನನ್ನೂ ಹೊರಡಿಸಿದರು. ನಸುಕಿನಲ್ಲಿ ಕಚೇರಿಯ ಜೀಪಿನಲ್ಲಿ ತಂಬ್ರಹಳ್ಳಿ ದಾಟಿದೆವು. ಊರಿನ ಸೀಮೆಯಲ್ಲಿ ದಾರಿಗೆ ಅಡ್ಡಲಾಗಿ ಎರಡು ಕಂಬಗಳ ನಡುವೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿತ್ತು. ನಮ್ಮ ಬಸ್ಸು ಹಗ್ಗದ ಈಚೆಗೇ ನಿಂತಿತ್ತು, ಒಳಗೆ ಯಾರೂ ಇಲ್ಲ. ಕಂಡಕ್ಟರ್ ಕೊಟ್ರಬಸಪ್ಪ ಮೂರು ಕಲ್ಲು ಹೂಡಿ ಚಹಾ ಕಾಯಿಸುತ್ತಿದ್ದ. ಜೀಪಿನಲ್ಲಿ ನಮ್ಮನ್ನು ನೋಡಿ ಗಾಬರಿಯಾಗಿ ಎದ್ದ.

“ಇವತ್ತು ಯಾರೂ ಬರಂಗಿಲ್ರಿ ಮೇಡಂ. ಊರಾಗ ವಾರ ಹಿಡದಾರ,” ಎಂದ.

ನಮ್ಮ ಕಡೆಯ ಕೆಲವು ಹಳ್ಳಿಗಳಲ್ಲಿ ಮಳೆ ಚೆನ್ನಾಗಿ ಆಗಲಿ, ರೋಗ ರುಜಿನ ಬಾರದಿರಲಿ ಎಂದು ಆಷಾಢದಲ್ಲಿ ಊರದೇವತೆಗೆ ಐದು ವಾರ ಹಿಡಿಯುವುದುಂಟು. ಆ ಐದು ವಾರಗಳ ಮಂಗಳವಾರ, ಶುಕ್ರವಾರ ನೇಗಿಲು ಹೂಡುವುದಿಲ್ಲ, ಬೀಸುವುದಿಲ್ಲ, ಕುಟ್ಟುವುದಿಲ್ಲ, ಹೂವು ಬಿಡಿಸುವುದಿಲ್ಲ. ಊರವರು ಸೀಮೆ ದಾಟುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಈ ಊರಿನವರೂ ಹಿಡಿದಿರಬಹುದೆಂದು ನನಗೂ ಹೊಳೆದಿರಲಿಲ್ಲ, ನಾವು ಎಣಿಸಿದ್ದು ಸರಿಯಾಗಿ ಆ ದಿನಗಳಲ್ಲಿಯೇ. ಎಲ್ಲ ಗದ್ದಲದ ದಿನಗಳನ್ನು ಜಾಣತನದಿಂದ ಬಿಟ್ಟು, ಊರಿಗೆ ಊರೇ ಬಾಗಿಲು ಹಾಕಿಕೊಂಡ ದಿನಗಳನ್ನು ಆರಿಸಿದ್ದೆವು.

ನಿನಗೆ ಇದು ಗೊತ್ತಿತ್ತೇ ಎಂದು ಕೊಟ್ರಬಸಪ್ಪನನ್ನು ಕೇಳಿದೆ. ಗೊತ್ತಿತ್ತಂತೆ. ಮತ್ತೆ ಹೇಳಲಿಲ್ಲವೇಕೆ ಎಂದರೆ, ಎಷ್ಟು ಮಂದಿ ಹತ್ತಿದರು ಅಂತ ಕೇಳಿದ್ದಿರಿ, ಯಾರೂ ಇಲ್ಲ ಅಂತ ಬರೆದೆ, ಸುಳ್ಳು ಬರೆದೆನೇ ಎಂದು ನನ್ನನ್ನೇ ಕೇಳಿದ.

ಜೀಪಿನ ಸದ್ದಿಗೆ ಗಂಗಮ್ಮ ಹಗ್ಗದ ಆಚೆ ಬಂದು ನಿಂತಳು. ಅವಳು ಈಚೆ ಬರುವಂತಿಲ್ಲ, ಮೇಡಂ ಆಚೆ ಹೋಗುವಂತಿಲ್ಲ. ಬೇವಿನ ಸೊಪ್ಪಿನ ನಡುವೆ ಇಬ್ಬರೂ ಮುಖ ನೋಡಿಕೊಂಡರು.

“ವಾರ ಹಿಡದೀವಿ ಅಂತ ಅವತ್ತು ಹೇಳ್ಬೇಕಿಲ್ರಿ?” ಎಂದರು ಮೇಡಂ.

“ಅದೇನು ಹೇಳೋ ಮಾತೇನವ್ವ? ವರ್ಷಾ ಹಿಡಿಯೋದ. ನೀನು ಯಾವೂರಾಕಿ?”

“ಕೊಟ್ಟೂರಾಕಿ.”

“ಕೊಟ್ಟೂರಾಕಿ ಆಗಿ ಇದು ಗೊತ್ತಿಲ್ಲಲ್ಲ ನಿನಗ,” ಎಂದಳು ಗಂಗಮ್ಮ. ಬೈದು ಹೇಳಲಿಲ್ಲ, ಮರುಗಿ ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಮೇಡಂ ಪೇಟೆಯಲ್ಲಿ ಬೆಳೆದವರು. ಅಂಗಡಿ ಸಾಲಿನ ಮನೆಗಳಲ್ಲಿ ವಾರ ಹಿಡಿಯುವ ಪದ್ಧತಿ ಇಲ್ಲ. ಚಿಕ್ಕಂದಿನಲ್ಲಿ ಹಳ್ಳಿಯವರು ಕೆಲವು ದಿನ ಶೇಂಗಾ ತರುತ್ತಿರಲಿಲ್ಲ, ಯಾಕೆಂದು ನಾನು ಯಾವತ್ತೂ ಕೇಳಲಿಲ್ಲ ಎಂದು ದಾರಿಯಲ್ಲಿ ಹೇಳಿದರು. ಆಮೇಲೆ ಕೂಡ್ಲಿಗಿ ಬರುವವರೆಗೂ ರಬ್ಬರ್ ಬ್ಯಾಂಡಿನ ಚಟ್ ಚಟ್. ಜೀಪು ಇಳಿಯುವಾಗ, ನಾನು ರೈಟ್ ಅಂದೆ, ಹಳ್ಳಕ್ಕ ಬಿತ್ತು ಎಂದರು.

ಬಸ್ಸು ಉಳಿಯಿತೆಂದೇ ನಾನು ತಿಳಿದೆ. ಬರೆದವರೇ ತಪ್ಪಾಗಿದೆ ಎಂದ ಮೇಲೆ ಇನ್ನೇನು? ಸಾಹೇಬರು ಒಪ್ಪಲಿಲ್ಲ. ವೇಳಾಪಟ್ಟಿ ಮೇಲೆ ಹೋಗಿ ಒಪ್ಪಿಗೆ ಪಡೆದಿತ್ತು, ಉದ್ಘಾಟನೆಗೆ ದೊಡ್ಡವರು ಬರುವುದಿತ್ತು, ಕಂಪ್ಯೂಟರ್ ಮಾಡಿದ ಮೊದಲ ವೇಳಾಪಟ್ಟಿ ಎಂದು ಬೋರ್ಡೂ ಬರೆಸಿಯಾಗಿತ್ತು. ಹೂವಿನವರು ಬಂದು ಅತ್ತರೆಂದು ನೀವು ಕರಗಿದ್ದೀರಿ, ಇವತ್ತು ಇದನ್ನು ಬಿಟ್ಟರೆ ನಾಳೆ ಎಲ್ಲ ಊರಿನವರೂ ಬರುತ್ತಾರೆ ಎಂದರು. ಕೊನೆಗೆ, “ಯಂತ್ರ ತಪ್ಪು ಮಾಡೋದಿಲ್ಲ ಅಂತ ಇದೇ ಕಟ್ಟಡದಲ್ಲಿ ಹೇಳಿದವರು ನೀವೇ ಅಲ್ವೇನ್ರಿ?” ಎಂದು ಕೇಳಿದರು. ಮೇಡಂ ಕಾಗದ ಮಡಿಚಿಕೊಂಡು ಎದ್ದರು. ಕಂಪ್ಯೂಟರನ್ನು ನಂಬಿ ಎಂದು ಎಲ್ಲರಿಗೂ ತಿಳಿಹೇಳಿ ಹೇಳಿ ಸೋತಿದ್ದವರು, ಈಗ ಅದನ್ನು ನಂಬಬೇಡಿ ಎಂದರೆ ಕೇಳುವವರೇ ಇಲ್ಲ. ಮರುದಿನ ಅವರು ಬೆಂಗಳೂರಿನ ಬಸ್ಸು ಹತ್ತಿದರು. ಸೋತು ಹೋದರು ಎಂದುಕೊಂಡೆ, ಬೇಸರವಾಯಿತು.

ತಿಂಗಳು ಮುಗಿಯುವ ಮೊದಲೇ ಮರಳಿ ಬಂದರು, ಕಂಕುಳಲ್ಲಿ ಅದೇ ಅಗಲದ ಕಾಗದ. ನೇರವಾಗಿ ಸಾಹೇಬರ ಕೋಣೆಗೆ ಹೋದರು, ನನ್ನನ್ನೂ ಕರೆದರು. ನಮ್ಮ ಕಚೇರಿಯ ನೌಕರರಿಗೆಂದೇ ದಿನಾ ಬೆಳಿಗ್ಗೆ ಹೊಸಪೇಟೆಯಿಂದ ಕೂಡ್ಲಿಗಿಗೆ ಒಂದು ಬಸ್ಸು ಬರುತ್ತಿತ್ತು. ಸಾಹೇಬರ ಮನೆಯೂ ಹೊಸಪೇಟೆಯಲ್ಲೇ, ಅವರೂ ಅದರಲ್ಲೇ, ಮುಂದಿನ ಸೀಟಿನಲ್ಲಿ. ಮೇಡಂ ಹರಡಿದ ಕಾಗದದಲ್ಲಿ ಆ ಬಸ್ಸು ‘ಜನರಿಲ್ಲದ ಕಾರಣ ನಿಲ್ಲಿಸಬೇಕಾದ’ ಸಾಲಿಗೆ ಸೇರಿತ್ತು.

ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಇದೇನ್ರಿ ಎಂದರು.

“ಅದೇ ಪ್ರೋಗ್ರಾಂ ಸರ್, ಒಂದಕ್ಷರ ಬದಲಿಸಿಲ್ಲ. ಆ ಬಸ್ಸಿಗೆ ಮಾತ್ರ ಎರಡು ಭಾನುವಾರದ ಎಣಿಕೆ ಕೊಟ್ಟೆ,” ಎಂದರು ಮೇಡಂ. “ಯಂತ್ರ ಈಗಲೂ ತಪ್ಪು ಮಾಡಿಲ್ಲ.”

ಭಾನುವಾರ ಕಚೇರಿಗೆ ರಜೆ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಸಾಹೇಬರು ಕೆಟ್ಟವರಲ್ಲ, ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ನಗು ಬಂತು, ಆದರೆ ನಗಲಿಲ್ಲ. ಹೂವಿನೂರಿನ ಬಸ್ಸನ್ನು ಉಳಿಸಲು ಸಹಿ ಹಾಕಿ, ಈ ಕಾಗದ ಈ ಕೋಣೆಯಿಂದ ಹೊರಗೆ ಹೋಗಕೂಡದು ಎಂದರು. ಕಾಗದ ಹೋಗಲಿಲ್ಲ, ಸುದ್ದಿ ಹೋಯಿತು. ಸಂಜೆಯೊಳಗೆ ಐದೂ ಊರುಗಳ ನಿಲ್ದಾಣಗಳಲ್ಲಿ ಅದೇ ಮಾತು.

ಮೂರನೆಯ ದಿನ ಕೊಟ್ರಬಸಪ್ಪನ ಕೈಯಲ್ಲಿ ಗಂಗಮ್ಮ ಒಂದು ಮಾರು ಮಲ್ಲಿಗೆ ಕಳಿಸಿದ್ದಳು. ಮೇಡಂ ಹೂವು ಮುಡಿಯುವವರಲ್ಲ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಮುಡಿಯಿಂದ ಪೆನ್ಸಿಲ್ ತೆಗೆದು, ಅದಕ್ಕೆ ಒಂದು ತುಂಡು ಸುತ್ತಿ ಮತ್ತೆ ಸಿಕ್ಕಿಸಿಕೊಂಡರು. ಉಳಿದದ್ದನ್ನು ನಮ್ಮ ಮನೆಗೆ ಕೊಟ್ಟು ಕಳಿಸಿದರು.

ಆಮೇಲೆ ಅವರು ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದರು. ಯಾವ ಟ್ರಿಪ್ಪಿನ ಎಣಿಕೆ ಸೊನ್ನೆ ಬಂದರೂ ಯಂತ್ರ ಅದನ್ನು ತಾನಾಗಿ ನಿಲ್ಲಿಸಬಾರದು, ಆ ಸಾಲಿನ ಪಕ್ಕ ‘ಹೋಗಿ ನೋಡ್ರಿ’ ಎಂದು ಅಚ್ಚು ಹಾಕಬೇಕು. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಹಾಕುತ್ತಿತ್ತು. ಬೆಂಗಳೂರಿನ ಹೊಸ ಹುಡುಗರು ಅದನ್ನು ಯಾವುದೋ ತಾಂತ್ರಿಕ ಸಂಕೇತವೆಂದು ತಿಳಿದು ಮುಟ್ಟಲಿಲ್ಲ. ವರ್ಷ ವರ್ಷವೂ ಅಗಲದ ಕಾಗದ ಬರುತ್ತಿತ್ತು, ಸೊನ್ನೆಯ ಪಕ್ಕ ಆ ಮಾತು ಇರುತ್ತಿತ್ತು, ನಾವು ಹೋಗಿ ನೋಡುತ್ತಿದ್ದೆವು. ಒಂದು ಕಡೆ ಸೇತುವೆ ಕುಸಿದಿತ್ತು. ನೀಲಗುಂದದ ಹಾದಿಯಲ್ಲಿ ಎಣಿಸಿದ ದಿನ ಒಂದೂರಿನವರೆಲ್ಲ ಮದುವೆಗೆ ಲಾರಿಯಲ್ಲಿ ಹೋಗಿದ್ದರು. ಕೆಲವೆಡೆ ನಿಜವಾಗಿಯೂ ಮಂದಿ ಇರಲಿಲ್ಲ, ಅಂಥವನ್ನು ನಿಲ್ಲಿಸಿದೆವು. ಮೇಡಂಗೆ ಆ ಹೆಸರು ಅಂಟಿಕೊಂಡದ್ದು ಹೀಗೆ.

ಅವರನ್ನು ಮುಂದಿನ ವರ್ಷವೇ ವೇಳಾಪಟ್ಟಿಯಿಂದ ತೆಗೆದು ಉಗ್ರಾಣದ ಕೆಲಸಕ್ಕೆ ಹಾಕಿದರು, ಟೈರುಗಳ ಲೆಕ್ಕದ ಪ್ರೋಗ್ರಾಂ ಬರೆಯಲು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಬೆಂಗಳೂರಿನಲ್ಲಿ ಭೇಟಿಯಾದಾಗ ಕೆಲಸ ಹೇಗಿದೆ ಮೇಡಂ ಎಂದು ಕೇಳಿದೆ. ಸುಖವಾಗೈತಿ, ಟೈರುಗಳು ವಾರ ಹಿಡಿಯಂಗಿಲ್ಲ ಎಂದರು. ನಕ್ಕರು. ಆ ನಗುವಿನಲ್ಲಿ ನೋವು ಇತ್ತೋ ಇಲ್ಲವೋ ಹೇಳಲಾರೆ, ನನಗಂತೂ ನೋವಾಯಿತು. ಹೂವಿನೂರಿನ ಬಸ್ಸು ಓಡುತ್ತಿದೆಯೇ ಎಂದು ಕೇಳಿದರು. ಓಡುತ್ತಿದೆ ಎಂದೆ. ಆಮೇಲೆ ಹೊಸ ವರ್ಷದ ಪತ್ರಗಳಲ್ಲಿಯೂ ಅದೊಂದೇ ಪ್ರಶ್ನೆ ಇರುತ್ತಿತ್ತು. ಕೊನೆಯ ಕೆಲವು ವರ್ಷ ಪತ್ರ ನಿಂತಿತ್ತು.

ಕೊಟ್ರಬಸಪ್ಪನ ಫೋನು ಬಂದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮೈಸೂರಿಗೆ ಹೋಗಿ ಮಾಡುವುದೇನು, ಮಣ್ಣು ಆಗಿಹೋಗಿತ್ತು. ಹೂವಿನೂರಿಗಾದರೂ ಹೋಗಿ ಬರೋಣ, ಗಂಗಮ್ಮ ಇಲ್ಲದಿದ್ದರೂ ಅವಳ ಸೊಸೆ ಹೂವಿನ ವ್ಯಾಪಾರ ನಡೆಸುತ್ತಾಳಂತೆ, ಅವಳಿಗೆ ಹೇಳಿ ಬರೋಣ ಎಂದು ಇಬ್ಬರೂ ಮರುದಿನ ನಸುಕಿನಲ್ಲಿ ಅವನ ಕಿರಿಯ ಮಗನ ಆಟೋದಲ್ಲಿ ಹೊರಟೆವು. ಯಾವ ದಿನ ಎಂದು ಇಬ್ಬರೂ ಯೋಚಿಸಲಿಲ್ಲ, ಮುದುಕರಿಗೆ ಎಲ್ಲ ದಿನವೂ ಒಂದೇ. ಸೀಮೆಯ ಹತ್ತಿರ ಆಟೋ ನಿಂತಾಗ ನೋಡಿದರೆ ದಾರಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ. ಅಂದು ಮಂಗಳವಾರ.

ಹಗ್ಗದ ಈಚೆ ಬಸ್ಸು ನಿಂತಿತ್ತು, ಹೊಸ ಬಣ್ಣದ ಹೊಸ ಬಸ್ಸು. ಕಂಡಕ್ಟರ್ ಇನ್ನೂ ಮೀಸೆ ಬಲಿಯದವನು, ಕೊರಳಲ್ಲಿ ಟಿಕೆಟಿನ ಯಂತ್ರ. ಊರಾಗ ವಾರ ಹಿಡದಾರ್ರಿ, ಒಳಗ ಹೋಗಂಗಿಲ್ಲ ಎಂದು ನಮಗೇ ತಿಳಿಹೇಳಿದ. ಎಷ್ಟು ಮಂದಿ ಹತ್ತಿದರು ಎಂದು ಕೇಳಿದೆ.

“ಸೊನ್ನಿ ಐತ್ರಿ ಅಜ್ಜಾರ. ಆದ್ರೂ ಈ ಟ್ರಿಪ್ ನಿಲ್ಸಂಗಿಲ್ಲ ಅಂತ ಮೊದ್ಲಿಂದ ಐತಂತ. ಯಾಕಂತ ನನಗೂ ಗೊತ್ತಿಲ್ಲ.”

ಕೊಟ್ರಬಸಪ್ಪ ಗಡಿಯಾರ ನೋಡಿದ. ಹಳೆಯ ಚಾಳಿ, ಬಸ್ಸಿನ ಬೆನ್ನಿಗೆ ಅಂಗೈಯಿಂದ ಎರಡು ಸಲ ತಟ್ಟಿ, “ರೈಟ್,” ಅಂದ. ಡ್ರೈವರ್ ಒಮ್ಮೆ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಆಮೇಲೆ ಖಾಲಿ ಬಸ್ಸನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದ.